ಊರ ಗೋಡೆಗೆ ಸಿಂಗಳೀಕ ಬಂತು: ಅಳಿವಿನಂಚಿನ ಜೀವಿಗಳ ಚಿತ್ರವನ್ನು ಊರವರೇ ಸೇರಿ ಬರೆಯುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಶಾಲೆಗಳ ಕಾಂಪೌಂಡ್ ಗೋಡೆ ನೋಡುತ್ತಾ ಹೋದರೆ ಎಲ್ಲೋ ಒಂದು ಕಡೆ ಹುಲಿ ಸಿಕ್ಕೇ ಸಿಗುತ್ತದೆ. ಪಕ್ಕದಲ್ಲಿ ಜಿರಾಫೆ, ಕೆಲವು ಕಡೆ ಪೆಂಗ್ವಿನ್ನೂ ಉಂಟು. ಕೆಳಗೆ ‘ಕಾಡು ಬೆಳೆಸಿ, ನಾಡು ಉಳಿಸಿ’. ಶಾಲೆಯ ಹಿಂದಿನ ಕಾನಿನಲ್ಲಿ ಬೆಳಗಾದರೆ ಕೂಗುವ ಸಿಂಗಳೀಕಕ್ಕೆ, ಅಂದರೆ ಸಿಂಹದ ಬಾಲದ ಕಪ್ಪು ಮಂಗಕ್ಕೆ, ಮಾತ್ರ ಆ ಗೋಡೆಯಲ್ಲಿ ಜಾಗವಿಲ್ಲ. ನಾನೂ ಮೊದಲ ಗೋಡೆಗೆ ಹುಲಿಯನ್ನೇ ಬರೆದವನು. ಚೆನ್ನಾಗಿದೆ ಅಂದರು, ಫೋಟೊ ತೆಗೆಸಿಕೊಂಡರು, ಮುಗಿಯಿತು. ಹುಲಿಯ ಬಗ್ಗೆ ಊರಿನಲ್ಲಿ ಯಾರೂ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಆಡಲಿಕ್ಕೆ ಏನಿತ್ತು?

ಆಮೇಲಿನ ಗೋಡೆಗಳಲ್ಲಿ ಕೈಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ಒಂದೇ ಗೋಡೆ ಇಟ್ಟುಕೊಳ್ಳೋಣ: ಶಿರಸಿ, ಸಿದ್ದಾಪುರ, ಹೊನ್ನಾವರ ಸೀಮೆಯ ಒಂದು ಹಳ್ಳಿ, 30 ಅಡಿ ಉದ್ದ, 8 ಅಡಿ ಎತ್ತರದ ಗೋಡೆ, ಅದರ ಮೇಲೆ ಸಿಂಗಳೀಕ ಮತ್ತು ಉಪ್ಪಾಗೆ ಎಂಬ ಹುಳಿ ಹಣ್ಣಿನ ಕಾಡುಮರ. ನಿಮ್ಮ ಊರು ಬೇರೆಯಾದರೆ ಜೀವಿ ಬೇರೆಯಾಗುತ್ತದೆ, ಕೆಲಸದ ಕ್ರಮ ಇದೇ. ಮೊದಲ ಸಭೆಯಿಂದ ಕೊನೆಯ ಕೋಟಿನವರೆಗೆ ಎರಡೂವರೆ ತಿಂಗಳು ಹಿಡಿಯುತ್ತದೆ. ಬ್ರಶ್ ಹಿಡಿಯುವುದು ಅದರಲ್ಲಿ ಐದಾರು ದಿನ ಮಾತ್ರ.

ಹಂತ 1: ಒಂದೇ ಜೀವಿ, ಅದೂ ನಿಮ್ಮೂರಿನದ್ದು

ಒಂದು ಗೋಡೆಗೆ ಹತ್ತು ಪ್ರಾಣಿ ತುಂಬಿದರೆ ಅದು ಮೃಗಾಲಯದ ಬೋರ್ಡು ಆಗುತ್ತದೆ. ಒಂದನ್ನು ಆರಿಸಿ. ಆರಿಸುವಾಗ ಮೂರು ವಿಷಯ ನೋಡಿ. ಆ ಜೀವಿ ಊರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಇರಬೇಕು, ಇಲ್ಲವೇ ಹಿಂದೆ ಇದ್ದದ್ದು ಹಿರಿಯರ ನೆನಪಿನಲ್ಲಾದರೂ ಇರಬೇಕು. ಅದು ನಿಜವಾಗಿ ಅಪಾಯದಲ್ಲಿರಬೇಕು. ಮೂರನೆಯದೇ ದೊಡ್ಡದು: ಅದರ ಉಳಿವಿಗೆ ನಿಮ್ಮೂರಿನವರು ಮಾಡುವ, ಅಥವಾ ಮಾಡುವುದನ್ನು ಬಿಡಬಹುದಾದ ಒಂದು ಕೆಲಸ ಇರಬೇಕು.

ಹುಲಿ ಈ ಮೂರನೆಯದರಲ್ಲಿ ಸೋಲುತ್ತದೆ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಅವುಗಳ ಬಗ್ಗೆ ಪತ್ರಿಕೆ, ಟಿ.ವಿ., ಸರ್ಕಾರ ಎಲ್ಲರೂ ಮಾತಾಡುತ್ತಾರೆ. ಸಿದ್ದಾಪುರದ ಅಡಿಕೆ ಬೆಳೆಗಾರ ಬಂಡೀಪುರದ ಹುಲಿಗೆ ಏನು ಮಾಡಿಯಾನು?

ಸಿಂಗಳೀಕದ ಕಥೆ ಬೇರೆ. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಅದು ಕಾಡಿನಲ್ಲಿ ಇಲ್ಲ. ಪ್ರಾಯಕ್ಕೆ ಬಂದವು ಎಲ್ಲ ಸೇರಿ ಸುಮಾರು 2,500 ಎಂದು ಲೆಕ್ಕ. ಅವುಗಳ ಉತ್ತರದ ಕೊನೆಯ ನೆಲೆ ಅಘನಾಶಿನಿ, ಶರಾವತಿ ಕಣಿವೆಗಳ ಆಸುಪಾಸು. ಅದಕ್ಕೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯಿತು. ಇನ್ನು ಊರಿನ ಕೈ ಎಲ್ಲಿದೆ ಅಂದರೆ ಉಪ್ಪಾಗೆಯಲ್ಲಿ. ಮಳೆಗಾಲದಲ್ಲಿ ಸಿಂಗಳೀಕ ನೆಚ್ಚಿಕೊಂಡ ಹಣ್ಣುಗಳಲ್ಲಿ ಉಪ್ಪಾಗೆ ಮುಖ್ಯವಾದದ್ದು. ಅದೇ ಮಳೆಗಾಲದಲ್ಲಿ ಸಿಪ್ಪೆ ಒಣಗಿಸಿ ಮಾರಲು ಊರವರೂ ಅದನ್ನೇ ಕೊಯ್ಯುತ್ತಾರೆ. ‘ನಾವು ಬಿಟ್ಟರೆ ಬೇರೆಯವರು ಕೊಯ್ದಾರು’ ಎಂಬ ಆತುರಕ್ಕೆ ಕಾಯಿ ಇರುವಾಗಲೇ ಕೊಯ್ಲು, ಕೈಗೆ ಎಟುಕದಿದ್ದರೆ ಕೊಂಬೆಯನ್ನೇ ಸವರುವುದು. ಆ ಕೊಂಬೆ ಮುಂದಿನ ವರ್ಷ ಮಂಗನಿಗೂ ಇಲ್ಲ, ಮನುಷ್ಯನಿಗೂ ಇಲ್ಲ. ಇಂಥ ಗಂಟು ಎಲ್ಲಿ ಸಿಗುತ್ತದೋ ಅಲ್ಲಿ ನಿಮ್ಮ ಚಿತ್ರ ಸಿಕ್ಕಿತು ಎಂದು ತಿಳಿಯಿರಿ.

ಬೇರೆ ಸೀಮೆಯವರಿಗೆ ನನಗೆ ತೋಚಿದ ಕೆಲವು: ರಾಮನಗರದ ಕಡೆಗೆ ರಣಹದ್ದು (ದನಕ್ಕೆ ಕೊಡುವ ನೋವಿನ ಔಷಧಿ ಡೈಕ್ಲೋಫೆನಾಕ್ ಹೆಣದ ಮೂಲಕ ಹದ್ದಿಗೆ ವಿಷವಾಗಿ, 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು. ಹೈನು ಸಾಕುವ ಊರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇಕೆ?). ಸಿರುಗುಪ್ಪದ ಕಪ್ಪು ನೆಲಕ್ಕೆ ಎರೆಬೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ). ಹೊನ್ನಾವರದ ಕಡಲ ದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆ. ಕಾವೇರಿ ತೀರಕ್ಕೆ ಕಿತ್ತಳೆ ರೆಕ್ಕೆಯ ಮಹಶೀರ್. ಗಿಡಮರವೇ ಬೇಕೆಂದರೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳು (ಜವುಗು ಕಾಡುಗಳು) ಇವೆ, ಬೀಟೆ ಇದೆ, ಸೀತೆಯ ಅಶೋಕ ಇದೆ. ಸಸ್ಯ ಬರೆದರೆ ಜನ ನಿಂತು ನೋಡುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೀರಿನಿಂದ ಮಂಡಿ ಮಡಚಿದ ಹಾಗೆ ಎದ್ದ ರಾಮಪತ್ರೆ ಜಾತಿಯ ಬೇರುಗಳನ್ನು ಆಳೆತ್ತರಕ್ಕೆ ಬರೆದು ನೋಡಿ, ಆಮೇಲೆ ಹೇಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಕ್ಷತ್ರ ಆಮೆ, ಚಿಪ್ಪುಹಂದಿ, ಕಾಡುಪಾಪ, ಅಪರೂಪದ ಸೀತಾಳೆ ದಂಡೆ (ಆರ್ಕಿಡ್), ಇಂಥ ಕಳ್ಳಸಾಗಣೆಯ ಕಣ್ಣು ಬಿದ್ದ ಜೀವಿಯಾದರೆ ಅದು ಯಾವ ಗುಡ್ಡದಲ್ಲಿದೆ, ಯಾವ ಹಳ್ಳದ ಪಕ್ಕ ಇದೆ ಎಂಬುದು ಚಿತ್ರದಲ್ಲಿ ಗೊತ್ತಾಗಬಾರದು. ಊರಿನ ಗುರುತು ಸಿಗುವ ಬಂಡೆ, ದೇವಸ್ಥಾನ ಏನನ್ನೂ ಹಿನ್ನೆಲೆಗೆ ಹಾಕಬೇಡಿ.

ಹಂತ 2: ಮೊದಲು ಬೈಸಿಕೊಳ್ಳಿ

ಮಲೆನಾಡಿನಲ್ಲಿ ಮಂಗನ ಚಿತ್ರ ಬರೆಯುತ್ತೇವೆ ಎಂದು ಸಭೆಯಲ್ಲಿ ಹೇಳಿದರೆ ಏನಾಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ‘ಬಾಳೆ ಉಳಿಸಲಿಲ್ಲ, ಏಲಕ್ಕಿ ಉಳಿಸಲಿಲ್ಲ, ಎಳೆ ಅಡಿಕೆ ಚೀಪಿ ಬಿಸಾಡ್ತವೆ, ಅವಕ್ಕೆ ಚಿತ್ರ ಬೇರೆ ಕೇಡು!’ ಅದರ ಮೇಲೆ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಆ ಜ್ವರ ಇಂದಿಗೂ ಬೇಸಿಗೆ ಬಂದರೆ ಜೀವ ತೆಗೆಯುತ್ತದೆ. ಈ ಮಾತುಗಳು ಬರುವುದು ಒಳ್ಳೆಯದೇ. ಗೋಡೆಗೆ ಬಣ್ಣ ಬಿದ್ದ ಮೇಲೆ ಬರುವುದಕ್ಕಿಂತ ಮೊದಲೇ ಬರಲಿ.

ವಾದ ಮಾಡಬೇಡಿ, ಬರೆದುಕೊಳ್ಳಿ. ಕೇಳುತ್ತಾ ಹೋದರೆ ವಿಷಯ ತಾನೇ ಬಿಚ್ಚಿಕೊಳ್ಳುತ್ತದೆ: ತೋಟಕ್ಕೆ ನುಗ್ಗುವುದು ತಲೆಯ ಮೇಲೆ ಟೋಪಿಯಂಥ ಕೂದಲಿನ ಕೋಡಗ ಮತ್ತು ಉದ್ದ ಬಾಲದ ಮುಸುವ. ಸಿಂಗಳೀಕ ಸಾಮಾನ್ಯವಾಗಿ ದಟ್ಟ ಕಾಡಿನ ಮರದ ತುದಿ ಬಿಟ್ಟು ಇಳಿಯುವುದಿಲ್ಲ. ಇದನ್ನು ನೀವು ಹೇಳಿದರೆ ಭಾಷಣ. ದನ ಬಿಟ್ಟುಕೊಂಡು ಬಂದ ಅಜ್ಜ, ‘ಹೌದು ಮಾರಾಯ, ಸಿಂಗಳೀಕ ನಾನು ನೆಲದ ಮೇಲೆ ಕಂಡದ್ದೇ ಇಲ್ಲ’ ಎಂದರೆ ಊರು ಕೇಳುತ್ತದೆ.

ಯಾರನ್ನು ಕೇಳಬೇಕು? ಪಂಚಾಯತಿ ಸದಸ್ಯರನ್ನಲ್ಲ, ಅವರನ್ನು ಆಮೇಲೆ ಕೇಳಿದರಾಯಿತು. ಉಪ್ಪಾಗೆ ಕೊಯ್ಯುವ ಮನೆಗಳಿಗೆ ಹೋಗಿ, ಸಿಪ್ಪೆ ಒಣಗಿಸುವ ಒಲೆಯ ಪಕ್ಕ ಕೂತು ಮಾತಾಡಿಸಿ. ಒಣಗಿಸಲು ಎಷ್ಟು ಸೌದೆ ಉರಿಯುತ್ತದೆ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವ ಅಜ್ಜಿಯರಿದ್ದರೆ ಅವರನ್ನು ಬಿಡಲೇಬೇಡಿ.

ಇದೇ ಹೊತ್ತಿಗೆ ಒಂದು ಪುಟ್ಟ ಪರೀಕ್ಷೆ ಮಾಡಿಟ್ಟುಕೊಳ್ಳಿ. ಊರಿನ 30 ಜನರಿಗೆ ಮೂರು ಪ್ರಶ್ನೆ: ಸಿಂಗಳೀಕವನ್ನು ನೋಡಿದ್ದೀರಾ? ಕೋಡಗಕ್ಕೂ ಅದಕ್ಕೂ ಏನು ವ್ಯತ್ಯಾಸ? ಮಳೆಗಾಲದಲ್ಲಿ ಅದು ಏನು ತಿನ್ನುತ್ತದೆ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಹಾಗೇ ಇಡಿ. ಆರು ತಿಂಗಳ ನಂತರ ಬೇಕಾಗುತ್ತದೆ.

ಊರಿನ ಮಾತಿನಲ್ಲಿ ಚಿತ್ರದ ಕಲ್ಪನೆಯೂ ಅಡಗಿರುತ್ತದೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನವರು ಪ್ರತಿ ವರ್ಷ ಗೂಡು ಕಟ್ಟಲು ಬರುವ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಆ ಒಂದು ಮಾತಿನ ಮುಂದೆ ಯಾವ ಘೋಷಣೆ ನಿಂತೀತು? ನಿಮ್ಮೂರಿನಲ್ಲೂ ಅಂಥದ್ದೊಂದು ಇರುತ್ತದೆ. ಕೀಟಲೆ ಮಾಡುವ ಮಕ್ಕಳಿಗೆ ‘ಸಿಂಗಳೀಕ’ ಎಂದು ಬೈಯುವುದನ್ನು ನಾವೇ ಒಂದು ಗೋಡೆಗೆ ತಂದೆವು: ಮರದ ಮೇಲೆ ಸಿಂಗಳೀಕದ ಮರಿ, ಕೆಳಗೆ ಅದನ್ನು ಅಣಕಿಸುವ ಹುಡುಗ. ಊರಿನ ಹೆಂಗಸರು ನಕ್ಕದ್ದು ಆ ಚಿತ್ರಕ್ಕೇ.

ಹಂತ 3: ರೂಪ ತಪ್ಪಬಾರದು

ಇಂಟರ್‌ನೆಟ್ಟಿನಲ್ಲಿ ಸಿಕ್ಕ ಮೊದಲ ಫೋಟೊ ನೋಡಿ ಬರೆಯುವುದರಿಂದಲೇ ಅರ್ಧ ಗೋಡೆಗಳು ಕೆಟ್ಟಿವೆ. ತಪ್ಪು ಚಿತ್ರಕ್ಕಿಂತ ಖಾಲಿ ಗೋಡೆ ಮೇಲು. ತಪ್ಪು ಚಿತ್ರ ಹತ್ತು ವರ್ಷ ಅಲ್ಲೇ ನಿಂತು ಮಕ್ಕಳಿಗೆ ತಪ್ಪನ್ನೇ ಕಲಿಸುತ್ತದೆ.

ಸಿಂಗಳೀಕದಲ್ಲಿ ಎಲ್ಲರೂ ಎಡವುವುದು ಬಾಲದಲ್ಲಿ. ಮಂಗ ಅಂದಕೂಡಲೇ ಕೈ ತಾನಾಗಿ ಉದ್ದ ಬಾಲ ಎಳೆಯುತ್ತದೆ. ಸಿಂಗಳೀಕದ ಬಾಲ ಮೈಗಿಂತ ಗಿಡ್ಡ, ತುದಿಯಲ್ಲಿ ಸಿಂಹದ ಬಾಲದಂತೆ ಕುಚ್ಚು. ಮೈ ಹೊಳೆಯುವ ಕಪ್ಪು. ಮುಖವೂ ಕಪ್ಪು, ಕೂದಲಿಲ್ಲ. ಕೆನ್ನೆಯಿಂದ ಗಲ್ಲದವರೆಗೆ ಸುತ್ತ ಬೂದು ಬಿಳುಪಿನ ಕೇಸರ. ಹಸುಗೂಸಿಗೆ ಆ ಕೇಸರ ಇರುವುದಿಲ್ಲ, ಆದ್ದರಿಂದ ತಾಯಿಯ ಹೊಟ್ಟೆಗೆ ಆತುಕೊಂಡ ಮರಿಗೆ ಬಿಳಿ ಗಡ್ಡ ಬರೆಯಬೇಡಿ. ಹಾಗೆ ಬರೆದ ಮರಿ ಅಜ್ಜನ ಥರ ಕಾಣುತ್ತದೆ ಎಂಬುದು ಬೇರೆ ಮಾತು. ಇನ್ನೊಂದು ಗೊಂದಲ ನೀಲಗಿರಿಯ ಕರಿ ಮುಸುವದ್ದು. ಅದೂ ಕಪ್ಪೇ, ಆದರೆ ಬಾಲ ಉದ್ದ, ಅದರ ನೆಲೆ ಕೊಡಗಿನಿಂದ ದಕ್ಷಿಣಕ್ಕೆ.

ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ಬರೆಯುವವರಿಗೂ ಒಂದು ಮಾತು. ದೊಡ್ಡ ಮಂಗಟ್ಟೆಯ ಗಂಡಿಗೆ ಕಣ್ಣು ಕೆಂಪು, ಹೆಣ್ಣಿಗೆ ಬಿಳಿ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ, ಸೀಳಿನಿಂದ ಗಂಡು ಹಣ್ಣು ಉಣಿಸುತ್ತದೆ. ಹಾಗಾಗಿ ಪೊಟರೆಯ ಹೊರಗೆ ಕೂತು ಹಣ್ಣು ಕೊಡುವ ಹಕ್ಕಿಗೆ ಕಣ್ಣು ಕೆಂಪೇ ಇರಬೇಕು. ನೋಡುವವರಲ್ಲಿ ನೂರಕ್ಕೆ ಒಬ್ಬರು ಗಮನಿಸಬಹುದು. ಆ ಒಬ್ಬರು ಗಮನಿಸಿದರು ಅಂದರೆ ಊರಿಗೆಲ್ಲ ಹೇಳುತ್ತಾರೆ.

ಗಿಡಮರಕ್ಕೆ ಫೋಟೊ ಬೇಡ. ಕಾನಿಗೆ ಹೋಗಿ. ಉಪ್ಪಾಗೆಯ ಒಂದು ಉದುರಿದ ಕೊಂಬೆ, ಎರಡು ಎಲೆ, ಸಿಕ್ಕರೆ ಒಂದು ಹಣ್ಣು ತಂದು ಮಕ್ಕಳ ಮುಂದೆ ಇಡಿ. ಕುಂಬಳಕಾಯಿಯ ಹಾಗೆ ಗೀರುಗಳಿರುವ, ಹಳದಿಗೆ ತಿರುಗಿದ ಹಣ್ಣು. ಅದನ್ನು ಕೈಯಲ್ಲಿ ಹಿಡಿದು ಬರೆದ ಹುಡುಗಿಯ ಗೆರೆಗೂ ಫೋಟೊ ನೋಡಿ ಬರೆದವಳ ಗೆರೆಗೂ ಇರುವ ವ್ಯತ್ಯಾಸ ನಿಮಗೇ ಕಾಣುತ್ತದೆ. ಕರಡು ಚಿತ್ರ ಮುಗಿದ ಮೇಲೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿಗೆ, ಕಾಡು ಬಲ್ಲ ಹಿರಿಯರೊಬ್ಬರಿಗೆ ತೋರಿಸಿ. ಇಬ್ಬರೂ ತಲೆಯಾಡಿಸಿದರೆ ಮುಂದೆ ಹೋಗಿ.

ಹಂತ 4: ಗೋಡೆಯೂ ಒಪ್ಪಿಗೆಯೂ

ಬಸ್ಸಿಗೆ ಕಾಯುವ ಜಾಗ, ಹಾಲಿನ ಡೇರಿ, ಸೊಸೈಟಿ, ಶಾಲೆ, ಈ ಕ್ರಮದಲ್ಲಿ ನೋಡಿ. ಜನ ಹತ್ತು ನಿಮಿಷ ಸುಮ್ಮನೆ ನಿಲ್ಲುವ ಜಾಗವೇ ಒಳ್ಳೆಯ ಗೋಡೆ. ಮಳೆಯ ಎರಚಲು ನೇರ ಹೊಡೆಯುವ ಗೋಡೆ, ಹಿಂಬದಿ ಧರೆಗೆ ತಾಗಿ ಯಾವಾಗಲೂ ತೇವ ಇರುವ ಗೋಡೆ ಬೇಡವೇ ಬೇಡ. ಎಂಥ ಬಣ್ಣ ಬಳಿದರೂ ಎರಡನೇ ಮಳೆಗಾಲಕ್ಕೆ ಪಾಚಿಯೇ ಗೆಲ್ಲುತ್ತದೆ.

ಒಪ್ಪಿಗೆ ಬರಹದಲ್ಲಿರಲಿ. ಶಾಲೆಯಾದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಉಳಿದದ್ದಕ್ಕೆ ಗ್ರಾಮ ಪಂಚಾಯತಿ. ಪಟ್ಟಣದಲ್ಲಿ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಗೋಡೆಗೆ ಬರೆದರೆ 1981ರ ವಿರೂಪ ತಡೆ ಕಾಯ್ದೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ಜನತಾ ದಾಖಲಾತಿಯೂ ಇರಬೇಕು. ಆ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಹುಡುಕಿಸುವ ನೆಪಕ್ಕಾದರೂ ಹೋಗಿ ಕೇಳಿ.

ಹಂತ 5: ಕಾಗದದ ಮೇಲೆ ನಕ್ಷೆ

30 ಅಡಿ ಗೋಡೆಗೆ 30 ಇಂಚು ಉದ್ದ, 8 ಇಂಚು ಎತ್ತರದ ಕಾಗದ ಅಂಟಿಸಿಕೊಳ್ಳಿ. ಒಂದು ಇಂಚಿಗೆ ಒಂದು ಅಡಿ. ಅದರ ಮೇಲೆ ಒಂದಿಂಚಿನ ಚೌಕದ ಮನೆ ಹಾಕಿ ಚಿತ್ರ ಬರೆಯಿರಿ. ಗೋಡೆಗೂ ಒಂದಡಿಯ ಚೌಕ ಬಿದ್ದರೆ ಮನೆಯಿಂದ ಮನೆಗೆ ನಕಲು ಮಾಡಬಹುದು, ಏಳನೇ ತರಗತಿಯ ಮಕ್ಕಳೂ ಮಾಡುತ್ತಾರೆ.

ಸಿಂಗಳೀಕ ಬರೆಯುವವರಿಗೆ ವಿಶೇಷ ತೊಂದರೆಯೊಂದಿದೆ. ಕಪ್ಪು ಮೈ, ಹಿಂದೆ ಕಡು ಹಸಿರು ಕಾಡು, ಎರಡೂ ಸೇರಿ ದೂರದಿಂದ ಒಂದು ಮಸಿ ಮುದ್ದೆ. ಹಿನ್ನೆಲೆಯ ಎಲೆಗಳನ್ನು ತಿಳಿ ಹಸಿರು, ಹಳದಿಗೆ ತನ್ನಿ. ಮೈಗೆ ಬರಿಯ ಕಪ್ಪು ಬಳಿಯದೆ ಬೆನ್ನು, ಭುಜದ ಮೇಲೆ ನೀಲಿ ಬೂದು ಗೆರೆಗಳನ್ನು ಎಳೆಯಿರಿ. ಕೇಸರವನ್ನು ಇಡೀ ಗೋಡೆಯಲ್ಲೇ ಬೆಳ್ಳಗಿನ ಜಾಗವಾಗಿ ಉಳಿಸಿಕೊಂಡರೆ ಬಸ್ಸಿನ ಕಿಟಕಿಯಿಂದಲೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಷ್ಟು ಹೇಳಿ, ಇನ್ನೊಂದು ದಾರಿಯನ್ನೂ ಹೇಳಬೇಕು, ನನಗೆ ಹೆಚ್ಚು ಇಷ್ಟವಾದದ್ದು. ಸಾಗರ, ಸೊರಬ, ಸಿದ್ದಾಪುರದ ದೀವರ ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರ ಎಂಬ ಗೋಡೆ ಚಿತ್ರಕಲೆ ಇದೆ. ಕೆಮ್ಮಣ್ಣು ಸಾರಿಸಿದ ಗೋಡೆ. ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿ ಹುರಿದು ಕರಿ ಮಾಡಿ ಅರೆದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ಕುಂಚ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಅದೇ ಎಳೆಗಳು. ಗೆರೆ, ತ್ರಿಕೋನ, ಚೌಕಗಳಲ್ಲೇ ಗದ್ದೆ, ತೆನೆ, ಹಕ್ಕಿ, ದಂಡಿಗೆಯಲ್ಲಿ ಕೂತ ಮದುಮಕ್ಕಳು ಎಲ್ಲ ಬರುತ್ತಾರೆ. ಈ ಎಳೆಗಳಲ್ಲಿ ಸಿಂಗಳೀಕ ಹೇಗೆ ಬಂದೀತು ಎಂದು ಚಿತ್ತಾರ ಬರೆಯುವ ಅಕ್ಕಂದಿರನ್ನೇ ಕೇಳಿ. ಹೇಗಿರಬೇಕು ಎಂದು ನೀವು ಹೇಳಿಕೊಡಬೇಡಿ. ನಾನು ಒಮ್ಮೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಡಲು ಹೋಗಿ, ‘ನೀವು ಚಾ ಕುಡೀರಿ ಮಾಸ್ತರ್ರೆ’ ಎನ್ನಿಸಿಕೊಂಡು ಬಂದಿದ್ದೇನೆ.

ಎರಡು ನಿಯಮ ಮಾತ್ರ ಪಾಲಿಸಿ. ಅವರಿಗೆ ದಿನದ ಕೂಲಿಯಲ್ಲ, ಕಲಾವಿದರ ಸಂಭಾವನೆ ಕೊಡಿ, ಗೋಡೆಯ ಮೇಲೆ ಅವರ ಹೆಸರು ಹಾಕಿ. ಎರಡನೆಯದು, ಅಕ್ಕಿಹಿಟ್ಟಿನ ಬಿಳಿ ಮಳೆಗೆ ನಿಲ್ಲುವುದಿಲ್ಲ, ಆದ್ದರಿಂದ ಚಿತ್ತಾರ ಜಗಲಿಯೊಳಗಿನ ಗೋಡೆಗೆ, ಹೊರಗಿನ ಗೋಡೆಗೆ ಪೇಂಟು. ಚಿತ್ತಾರವನ್ನು ಪ್ಲಾಸ್ಟಿಕ್ ಬಣ್ಣದಲ್ಲಿ ನಕಲು ಮಾಡಿ ಹೊರಗೆ ಬಳಿಯುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮೂರಿನ ಚಿತ್ತಾರದವರೇ ಒಪ್ಪಿದರೆ ನನ್ನ ಮಾತು ಬಿಡಿ.

ಹಂತ 6: ಗೋಡೆಯನ್ನು ಹದಕ್ಕೆ ತರುವುದು

ಬಣ್ಣ ಏಳುವುದಕ್ಕೆ ಬಣ್ಣದ ಕಂಪನಿಯನ್ನು ಬೈಯುತ್ತೇವೆ. ಹೆಚ್ಚಿನ ಸಲ ತಪ್ಪು ಗೋಡೆಯದ್ದು. ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈ ಬೆಳ್ಳಗಾದರೆ ಅದು ಹಳೆಯ ಸುಣ್ಣ. ಅದರ ಮೇಲೆ ಎಮಲ್ಶನ್ (ನೀರಿನಲ್ಲಿ ಕಲಸುವ ಪೇಂಟು) ಬಳಿದರೆ ಚಿತ್ರ ಹಪ್ಪಳದ ಹಾಗೆ ಸುರುಳಿ ಸುತ್ತಿ ಬೀಳುತ್ತದೆ. ತಂತಿ ಬ್ರಶ್ಶಿನಲ್ಲಿ ಸಡಿಲ ಸುಣ್ಣವನ್ನೆಲ್ಲ ತೆಗೆದು, ನೀರು ಹಾಕಿ ತೊಳೆದು, ನಾಲ್ಕೈದು ದಿನ ಒಣಗಲು ಬಿಡಿ. ಹೊಸ ಸಿಮೆಂಟ್ ಗಿಲಾವಾದರೆ 28 ದಿನ ಕಾಯಲೇಬೇಕು. ಪಾಚಿ ಕರೆ ಇದ್ದರೆ ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಿರಿ.

ಹಳೆಯ ಎಣ್ಣೆ ಪೇಂಟ್ ಇದ್ದ ಗೋಡೆ, ಕಿಟಕಿಯನ್ನು ಮಕ್ಕಳ ಕೈಯಲ್ಲಿ ಕೆರೆಸಲೇಬೇಡಿ. ನಮ್ಮಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮಿತಿ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು. ದೊಡ್ಡವರೇ, ಮುಖಕ್ಕೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ ಕೆರೆಯಬೇಕು.

ಒಣಗಿದ ಗೋಡೆಗೆ ಒಂದು ಕೋಟು ಹೊರಗೋಡೆಯ ಪ್ರೈಮರ್, ಮೇಲೆ ಎರಡು ಕೋಟು ತಿಳಿ ಬಣ್ಣದ ಎಮಲ್ಶನ್. 240 ಚದರಡಿಗೆ ಪ್ರೈಮರ್ ಎರಡೂವರೆ ಲೀಟರ್, ಎಮಲ್ಶನ್ 5 ಲೀಟರ್ ಹತ್ತಿರ ಬೇಕು. ಗೋಡೆ ಉರುಟಾಗಿದ್ದರೆ ಇನ್ನೂ ಒಂದು ಲೀಟರ್ ಕುಡಿಯುತ್ತದೆ.

ಹಂತ 7: ಬಣ್ಣ

ಹತ್ತಾರು ಡಬ್ಬಿ ಬೇಡ. ಬಿಳಿ 4 ಲೀಟರ್, ಸಿದ್ಧ ಕಪ್ಪು 1 ಲೀಟರ್, ಜೊತೆಗೆ ಸ್ಟೈನರ್ (ಬಿಳಿಗೆ ಬೆರೆಸುವ ಗಾಢ ಬಣ್ಣ) ಬಾಟಲಿಗಳು: ಹಸಿರು, ನೀಲಿ, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್. ಸ್ಟೈನರ್ ಲೀಟರಿಗೆ 50 ಮಿ.ಲೀ. ದಾಟಿದರೆ ಬಣ್ಣ ಸರಿಯಾಗಿ ಒಣಗುವುದಿಲ್ಲ, ಕೈಗೆ ಹತ್ತುತ್ತದೆ. ಕಪ್ಪನ್ನು ಸಿದ್ಧವಾಗಿಯೇ ಕೊಳ್ಳಿ ಅಂದದ್ದು ಅದಕ್ಕೆ.

ಹೊಳೆಯುವ ಗುಲಾಬಿ, ನೇರಳೆ ಬಿಸಿಲಿಗೆ ಬೇಗ ಸೋಲುತ್ತವೆ. ಮಣ್ಣಿನ ಬಣ್ಣಗಳು, ಅಂದರೆ ಕಾವಿ, ಹಳದಿ ಮಣ್ಣು, ಹೆಚ್ಚು ಕಾಲ ನಿಲ್ಲುತ್ತವೆ. ಉತ್ತರ ಕನ್ನಡದ ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಗಿಲಾವಿನ ಮೇಲೆ ಕೊರೆದ ಕಾವಿ ಚಿತ್ರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 8: ಬರೆಯುವ ದಿನಗಳು

ದಿನ ಗೊತ್ತು ಮಾಡುವುದೇ ಕಷ್ಟದ ಕೆಲಸ. ಮಳೆ ನಿಂತು ಗೋಡೆ ಒಣಗುವ ಹೊತ್ತಿಗೆ ಅಡಿಕೆ ಕೊಯ್ಲು ಶುರು, ಕೊಯ್ಲು ಮುಗಿಯಿತು ಅನ್ನುವಾಗ ಜಾತ್ರೆ, ಯಕ್ಷಗಾನದ ಆಟ, ಮದುವೆ, ಆಮೇಲೆ ಮಕ್ಕಳ ಪರೀಕ್ಷೆ. ನಮಗೆ ಒದಗಿ ಬಂದದ್ದು ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಸಂದು. ಜೂನಿನಲ್ಲಿ ಉಪ್ಪಾಗೆ ಕೊಯ್ಲು ಶುರುವಾಗುವ ಮೊದಲೇ ಚಿತ್ರ ಗೋಡೆಯ ಮೇಲಿರುತ್ತದೆ ಎಂಬುದು ಇನ್ನೊಂದು ಅನುಕೂಲ. ಆ ದಿನಗಳಲ್ಲಿ ಬೆಳಗಿನ ಇಬ್ಬನಿಗೆ ಗೋಡೆ ಒದ್ದೆ ಇರುತ್ತದೆ. ಒಂಬತ್ತರ ನಂತರ ಶುರುಮಾಡಿ, ನೆತ್ತಿಯ ಬಿಸಿಲಿಗೆ ನಿಲ್ಲಿಸಿ, ಮೂರೂವರೆಗೆ ಮತ್ತೆ ಹಿಡಿಯಿರಿ.

ಮೊದಲ ದಿನ ಚೌಕ ಹಾಕುವುದು. ಬಡಗಿಗಳು ಮಾಡುವ ಹಾಗೆ ನೂಲಿಗೆ ಕೆಮ್ಮಣ್ಣು ಹಚ್ಚಿ, ಎರಡು ತುದಿ ಬಿಗಿ ಹಿಡಿದು, ನಡುವೆ ಮಿಡಿದರೆ ನೇರ ಗೆರೆ ಬೀಳುತ್ತದೆ. ಮಕ್ಕಳಿಗೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಡುವುದು ಇದೇ. ಎರಡನೇ ದಿನ ಹೊರಗೆರೆ. ಅದನ್ನು ಬರೆಯಬಲ್ಲ ಇಬ್ಬರೋ ಮೂವರೋ ಬರೆಯಲಿ, ಇಲ್ಲಿ ಪ್ರಜಾಪ್ರಭುತ್ವ ಬೇಡ. ಮೂರನೇ ದಿನದಿಂದ ಬಣ್ಣ ತುಂಬುವುದು, ಅದಕ್ಕೆ ಊರಿಗೆ ಊರೇ ಬರಲಿ. ಪ್ರತಿ ಜಾಗದಲ್ಲಿ ಯಾವ ಬಣ್ಣವೆಂದು ಸೀಮೆಸುಣ್ಣದಲ್ಲಿ 1, 2, 3 ಎಂದು ಅಂಕಿ ಬರೆದು, ಡಬ್ಬಿಗಳ ಮೇಲೂ ಅದೇ ಅಂಕಿ ಅಂಟಿಸಿ. ಬಸ್ಸಿಗೆ ಕಾಯುತ್ತಿದ್ದವರೂ ಐದು ನಿಮಿಷ ಬ್ರಶ್ ಹಿಡಿದು ಹೋಗಬಹುದು. ಉಪ್ಪಾಗೆ ಕೊಯ್ಯುವವರ ಕೈಯಲ್ಲಿ ಉಪ್ಪಾಗೆ ಹಣ್ಣುಗಳನ್ನೇ ಬರೆಸಿ. ತಾನು ಬಳಿದ ಹಣ್ಣನ್ನು ಮಗನಿಗೆ ತೋರಿಸದ ಅಪ್ಪನನ್ನು ನಾನು ಕಂಡಿಲ್ಲ.

ಐದು ಅಡಿಗಿಂತ ಮೇಲೆ ಮಕ್ಕಳು ಹತ್ತಬಾರದು. ಅಡಿಕೆ ಕಂಬದ ಅಟ್ಟಣಿಗೆ ಕಟ್ಟಿದರೆ ದೊಡ್ಡವರು ಮಾತ್ರ, ಕೆಳಗೊಬ್ಬರು ಹಿಡಿದುಕೊಂಡು. ಬ್ರಶ್ ತೊಳೆದ ನೀರನ್ನು ಹಳ್ಳಕ್ಕೆ, ತೋಡಿಗೆ ಚೆಲ್ಲಬೇಡಿ. ಎಮಲ್ಶನ್ ಎಂದರೆ ಪ್ಲಾಸ್ಟಿಕ್ಕೇ. ಬಾವಿ, ಹಳ್ಳದಿಂದ ದೂರ ಒಂದು ಗುಂಡಿ ತೆಗೆದು ಅದಕ್ಕೆ ಸುರಿಯಿರಿ. ಮೀನಿನ ಚಿತ್ರ ಬರೆದು ಹೊಳೆಯಲ್ಲೇ ಬ್ರಶ್ ತೊಳೆದವರನ್ನು ನೋಡಿದ್ದೇನೆ.

ಹಂತ 9: ಗೋಡೆಯ ಮೇಲಿನ ಮಾತು

ಕಡಿಮೆ ಬರೆಯಿರಿ. 30 ಅಡಿ ದೂರದಿಂದ ಸಲೀಸಾಗಿ ಓದಬೇಕಾದರೆ ಅಕ್ಷರ ಕನಿಷ್ಠ 3 ಇಂಚು ಎತ್ತರ ಇರಬೇಕು. ಕನ್ನಡದಲ್ಲಿ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡದೆ ಎರಡು ಸಾಲು ಒತ್ತಿ ಬರೆದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸಾಲುಗಳ ನಡುವೆ ಅಕ್ಷರದಷ್ಟೇ ಎತ್ತರ ಖಾಲಿ ಬಿಡಿ.

‘ವನ್ಯಜೀವಿ ಸಂರಕ್ಷಣೆ ನಮ್ಮೆಲ್ಲರ ಹೊಣೆ’ ಎಂದು ಬರೆದರೆ ಅದು ಯಾರ ಹೊಣೆಯೂ ಅಲ್ಲ ಎಂದೇ ಅರ್ಥ. ನಮ್ಮ ಗೋಡೆಗೆ ಊರವರೇ ಒಪ್ಪಿ ಬರೆಸಿದ ಮಾತು ಇದು: ‘ಉಪ್ಪಾಗೆ ಹಣ್ಣಾಗಲಿ. ಕೊಂಬೆ ಕಡಿಯುವುದಿಲ್ಲ. ಮರದ ತುದಿಯದು ಸಿಂಗಳೀಕದ ಪಾಲು.’ ಕೊನೆಯ ವಾಕ್ಯ ಸಿಪ್ಪೆ ಒಣಗಿಸುತ್ತಿದ್ದ ಹೆಂಗಸೊಬ್ಬರದು. ಮೊದಲು ‘ಕಡಿಯಬೇಡಿ’ ಎಂದಿತ್ತು. ‘ಯಾರಿಗೆ ಹೇಳ್ತಾ ಇದೀರಿ, ನಮಗೇ ಅಲ್ವಾ?’ ಎಂದು ಒಬ್ಬರು ಕೇಳಿದ ಮೇಲೆ ‘ಕಡಿಯುವುದಿಲ್ಲ’ ಆಯಿತು.

ಹಣ ಕೊಟ್ಟವರ ಹೆಸರು ಕೆಳಗೆ ಮೂಲೆಯಲ್ಲಿ, ಅಂಗೈ ಅಗಲದೊಳಗೆ. ಇದನ್ನು ಹಣ ಪಡೆಯುವ ಮೊದಲೇ ಹೇಳಿಬಿಡಿ. ಒಂದು ಕಡೆ ನಾವು ಹೇಳದೆ ಬಿಟ್ಟು, ಕೊನೆಗೆ ಸಿಂಗಳೀಕದ ಬಾಲದ ಕುಚ್ಚಿನ ಮೇಲೆ ಒಂದು ಫೋನ್ ನಂಬರು ಬಂದು ಕೂತಿತು.

ಹಂತ 10: ಬಣ್ಣ ಒಣಗಿದ ಮೇಲೆ

ಉದ್ಘಾಟನೆಗೆ ವೇದಿಕೆ, ಹಾರ ಬೇಡ. ಚಿತ್ರದ ಮುಂದೆ ಚಾ ಕುಡಿದು ಎಲ್ಲರೂ ಕಾನಿಗೆ ಒಂದು ಸುತ್ತು ಹೋಗಿ ಬನ್ನಿ. ಸಿಂಗಳೀಕ ಕಂಡರೆ ಅದೃಷ್ಟ, ಕಾಣದಿದ್ದರೆ ಉಪ್ಪಾಗೆ ಮರಗಳನ್ನಾದರೂ ಎಣಿಸಬಹುದು.

ಗೋಡೆ ಒಂದೇ ಸಾಲದು ಎಂಬುದಕ್ಕೆ ಅಸ್ಸಾಮಿನ ಹರ್ಗಿಲಾ ಕೊಕ್ಕರೆ ನನಗೆ ಕಂಡ ಅತ್ಯುತ್ತಮ ಉದಾಹರಣೆ. ಕೊಳೆತದ್ದು ತಿನ್ನುವ, ಗಬ್ಬು ನಾರುವ ಅಪಶಕುನದ ಹಕ್ಕಿ ಎಂದು ಕಾಮರೂಪ ಜಿಲ್ಲೆಯ ಹಳ್ಳಿಗಳಲ್ಲಿ ಅದರ ಗೂಡಿನ ಮರಗಳನ್ನೇ ಕಡಿಯುತ್ತಿದ್ದರು. ಪೂರ್ಣಿಮಾ ದೇವಿ ಬರ್ಮನ್ ಅಲ್ಲಿನ ಹೆಂಗಸರನ್ನು ಕೂಡಿಸಿ, ಆ ಹಕ್ಕಿಯನ್ನು ಮಗ್ಗದ ಸೀರೆಗೆ, ಅಲ್ಲಿನ ಹೆಗಲ ವಸ್ತ್ರ ಗಮೋಸಾಕ್ಕೆ ನೇಯಿಸಿದರು, ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಗೇ ಸೀಮಂತ ಮಾಡಿಸಿದರು. ‘ಹರ್ಗಿಲಾ ಸೇನೆ’ಯಲ್ಲಿ ಈಗ ಸಾವಿರಾರು ಹೆಂಗಸರಿದ್ದಾರೆ. ಮೂವತ್ತರೊಳಗೆ ಇದ್ದ ಗೂಡುಗಳು 200 ದಾಟಿದವು. 2022ರಲ್ಲಿ ಬರ್ಮನ್ ಅವರಿಗೆ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು, 2023ರಲ್ಲಿ ಆ ಹಕ್ಕಿ ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಯ ‘ಅಪಾಯದಲ್ಲಿರುವ’ ಸಾಲಿನಿಂದ ಕಡಿಮೆ ಅಪಾಯದ ಸಾಲಿಗೆ ಬಂತು. ಮಗ್ಗದಿಂದ ದುಡ್ಡೂ ಬಂತು ಎಂಬುದನ್ನು ಮರೆಯಬೇಡಿ. ನಿಮ್ಮಲ್ಲಿ ಭೂಮಣ್ಣಿ ಬುಟ್ಟಿ ಬರೆಯುವವರು, ಕೌದಿ ಹೊಲಿಯುವವರು ಇದ್ದರೆ ಗೋಡೆಯ ಸಿಂಗಳೀಕ ಅಲ್ಲಿಗೂ ಹೋಗಲಿ.

ಆರು ತಿಂಗಳಾದ ಮೇಲೆ, ಅಂದರೆ ಉಪ್ಪಾಗೆ ಕಾಲ ಮುಗಿಯುತ್ತಿದ್ದ ಹಾಗೆ, ಅದೇ 30 ಜನರಿಗೆ ಅದೇ ಮೂರು ಪ್ರಶ್ನೆ ಕೇಳಿ. ಜೊತೆಗೆ ಇನ್ನೊಂದು: ಈ ಸಲ ಕೊಂಬೆ ಕಡಿದ ಮರ ಎಷ್ಟು ಕಂಡಿರಿ? ನಮ್ಮ ಮೊದಲ ಸಲದ ಉತ್ತರ ಹೇಳಿಕೊಳ್ಳುವಂತಿರಲಿಲ್ಲ. ಕೋಡಗಕ್ಕೂ ಸಿಂಗಳೀಕಕ್ಕೂ ಇರುವ ವ್ಯತ್ಯಾಸವನ್ನು ಹೆಚ್ಚು ಕಡಿಮೆ ಎಲ್ಲರೂ ಹೇಳಿದರು. ಕೊಂಬೆ ಮಾತ್ರ ಕಡಿದಿದ್ದರು, ಪಕ್ಕದ ಊರಿನವರು. ಮರುವರ್ಷ ಗೋಡೆ ಹುಡುಕಿಕೊಂಡು ಆ ಪಕ್ಕದ ಊರಿಗೇ ಹೋದೆವು.

ಪ್ರತಿ ಮಳೆಗಾಲ ಮುಗಿದ ಮೇಲೆ ಮೆತ್ತಗಿನ ಬ್ರಶ್ಶಿನಿಂದ ಗೋಡೆ ತೊಳೆದು, ಬಣ್ಣ ಎದ್ದ ಕಡೆ ತೇಪೆ ಹಾಕಿ. ಅದಕ್ಕೆಂದು ಉಳಿದ ಬಣ್ಣಗಳನ್ನು ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳ ಗಟ್ಟಿ ಮಾಡಿ, ಬಣ್ಣದ ಅಂಕಿ ಮತ್ತು ದಿನಾಂಕ ಬರೆದು, ನೆರಳಿರುವ ಕಡೆ ಇಟ್ಟುಕೊಳ್ಳಿ. ಕೇಸರದ ಬೂದು ಬಿಳಿಯನ್ನು ಸ್ವಲ್ಪ ಹೆಚ್ಚೇ ಕಲಸಿಡಿ, ಮೊದಲು ಮಾಸುವುದು ಅದೇ.